ಸೆರಿಜಾವಾ ಕಾಗದ ಸುಟ್ಟಿದ್ದು ಸರಿಯಾ?

1954ರ ಜಪಾನಿ ಸಿನಿಮಾ ‘ಗೊಜಿರಾ’, ಅಂದರೆ ನಮಗೆಲ್ಲ ಗೊತ್ತಿರುವ ಗಾಡ್ಜಿಲ್ಲಾ. ಆ ದೈತ್ಯನನ್ನು ಕೊಲ್ಲೋಕೆ ಇದ್ದದ್ದು ಒಂದೇ ದಾರಿ, ವಿಜ್ಞಾನಿ ಡಾ. ಸೆರಿಜಾವಾ ಕಂಡುಹಿಡಿದ ‘ಆಕ್ಸಿಜನ್ ಡೆಸ್ಟ್ರಾಯರ್’, ನೀರಿನಲ್ಲಿರುವ ಆಮ್ಲಜನಕವನ್ನೇ ನಾಶಮಾಡುವ ಅಸ್ತ್ರ. ಒಂದೇ ಸಲ ಬಳಸಲು ಆತ ಒಪ್ಪುತ್ತಾನೆ. ಮೊದಲು ಟಿಪ್ಪಣಿಗಳನ್ನೆಲ್ಲ ಸುಡುತ್ತಾನೆ, ಆಮೇಲೆ ಟೋಕಿಯೊ ಕೊಲ್ಲಿಯ ತಳದಲ್ಲಿ ತನ್ನನ್ನು ಮೇಲೆಳೆಯಬೇಕಿದ್ದ ಹಗ್ಗ ತಾನೇ ಕತ್ತರಿಸಿಕೊಂಡು ಅಲ್ಲೇ ಉಳಿದುಬಿಡುತ್ತಾನೆ.

ಪರ

ತಪ್ಪು ಅನ್ನೋರು, ಸೆರಿಜಾವಾ ಆ ಅಸ್ತ್ರವನ್ನು ಪ್ರಯೋಗಿಸಿ ತೋರಿಸುವ ಮೀನಿನ ತೊಟ್ಟಿಯ ದೃಶ್ಯ ಇನ್ನೊಮ್ಮೆ ನೋಡಲಿ. ನೀರಿನ ತುಂಬ ಗುಳ್ಳೆ ಏಳುತ್ತೆ, ನೋಡನೋಡುತ್ತಲೇ ಮೀನೆಲ್ಲ ಬರೀ ಮೂಳೆ. ಸೆರಿಜಾವಾ ಜೊತೆ ಮದುವೆ ಗೊತ್ತಾಗಿದ್ದ ಎಮಿಕೊ ಕಿರುಚಿದ್ದನ್ನಷ್ಟೇ ಮೊದಲು ತೋರಿಸಿ, ಅವಳು ಕಂಡದ್ದೇನು ಅನ್ನೋದನ್ನು ನಿರ್ದೇಶಕ ಇಶಿರೊ ಹೋಂಡಾ ಎಷ್ಟೋ ಹೊತ್ತಿನ ಮೇಲೆ ಬಿಚ್ಚುತ್ತಾರೆ.

ಇಂಥದ್ದು ಸೈನ್ಯದ ಕೈಗೆ ಸಿಕ್ಕರೆ? ಸುಮ್ನೆ ಹುಟ್ಟಿದ ಭಯ ಅಲ್ಲ ಇದು. ಅದೇ ವರ್ಷ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿ ದೋಣಿಯ 23 ಜನರ ಮೇಲೆ ವಿಕಿರಣದ ಬೂದಿ ಸುರಿಯಿತು, ಅವರಲ್ಲೊಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು, ನವೆಂಬರಿನಲ್ಲಿ ಈ ಸಿನಿಮಾ ಬಂತು. ಕಾಗದ ಸುಟ್ಟರೂ ವಿಷಯ ತಲೆಯಲ್ಲಿ ಉಳಿಯುತ್ತೆ, ಯಾರಾದರೂ ಬಲವಂತ ಮಾಡಿದರೆ ಮತ್ತೆ ಮಾಡಿಕೊಡಬೇಕಾದೀತು ಅಂತ ಸೆರಿಜಾವಾಗೇ ಅನುಮಾನ. ತನ್ನನ್ನೇ ನಂಬದ ವಿಜ್ಞಾನಿ! ನನಗಂತೂ ಅಂಥವನ ಮೇಲೇ ನಂಬಿಕೆ ಜಾಸ್ತಿ.

ವಿರೋಧ

ಒಪ್ಪಿದೆ, ಆ ದೃಶ್ಯಕ್ಕೆ ಕಣ್ಣಲ್ಲಿ ನೀರು ಬರುತ್ತೆ. ಆದರೆ ಸುಟ್ಟು ಉಳಿಸಿದ್ದೇನು? ಒಬ್ಬನಿಗೆ ಹೊಳೆದದ್ದು ಇವತ್ತಲ್ಲ ನಾಳೆ ಇನ್ನೊಬ್ಬನಿಗೂ ಹೊಳೆಯುತ್ತೆ. 1939ರಲ್ಲಿ ಭೌತವಿಜ್ಞಾನಿ ಲಿಯೋ ಸಿಲಾರ್ಡ್, ಅಣುಬಾಂಬಿಗೆ ದಾರಿಯಾಗಬಲ್ಲ ಯುರೇನಿಯಂ ಸರಪಳಿ ಕ್ರಿಯೆಯ ಬಗ್ಗೆ ಏನನ್ನೂ ಪ್ರಕಟಿಸಬೇಡಿ ಅಂತ ಕೇಳಿಕೊಂಡರು. ಪ್ಯಾರಿಸ್‌ನ ವಿಜ್ಞಾನಿ ಜೋಲಿಯೊ-ಕ್ಯೂರಿಯ ತಂಡ ಪ್ರಕಟಿಸಿಯೇಬಿಟ್ಟಿತು. ಮುಂದೆ ಅಮೆರಿಕ ಬಾಂಬಿನ ಗುಟ್ಟು ಎಷ್ಟೇ ಬಿಗಿಯಾಗಿ ಹಿಡಿದಿಟ್ಟುಕೊಂಡರೂ 1949ಕ್ಕೆ ಸೋವಿಯತ್‌ನವರೂ ಸಿಡಿಸಿದರು (ಗೂಢಚಾರರ ನೆರವಿತ್ತು ಅನ್ನಿ). ಅಷ್ಟೇಕೆ, 1995ರ ಗಾಡ್ಜಿಲ್ಲಾ ಸಿನಿಮಾದಲ್ಲೇ ಇನ್ನೊಬ್ಬ ವಿಜ್ಞಾನಿ ಸೆರಿಜಾವಾನ ಜಾಡು ಹಿಡಿಯುತ್ತಾನೆ.

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಜಾಸ್ತಿ ಮಾತಾಡಲ್ಲ. ಸಿನಿಮಾದಲ್ಲಿ ಪ್ರಾಚೀನ ಜೀವಿಗಳ ತಜ್ಞ, ಎಮಿಕೊಳ ತಂದೆ ಪ್ರೊಫೆಸರ್ ಯಮಾನೆ ಶುರುವಿಂದಲೂ ಗೊಜಿರಾವನ್ನು ಕೊಲ್ಲಬೇಡಿ, ಅಷ್ಟು ವಿಕಿರಣ ತಿಂದೂ ಅದು ಬದುಕಿದ್ದು ಹೇಗೆ ಅಂತ ನೋಡೋಣ ಅಂತಿದ್ದವರು. ಅವರ ಮಾತು ಯಾರಿಗೂ ಬೇಕಾಗಲಿಲ್ಲ. ಕೊನೆಗೆ ಹಡಗಿನ ಮೇಲೆ ಅವರು ಹೇಳುವುದು ಏನು? ಬಾಂಬ್ ಪರೀಕ್ಷೆ ಹೀಗೇ ನಡೆದರೆ ಇನ್ನೊಂದು ಗೊಜಿರಾ ಬಂದೀತು. ಬಂದರೆ ಯಾರ ಹತ್ತಿರ ಹೋಗೋದು? ಗೊಜಿರಾವನ್ನು ಬಲ್ಲವರಿಲ್ಲ, ಮದ್ದು ಬಲ್ಲವನು ನೀರಿನ ತಳದಲ್ಲಿದ್ದಾನೆ.