ಬೆಟ್ಟದಲ್ಲಿ ಹೋದ ಬೆಟ್ಟೆ

ದೂರದ ಬೆಟ್ಟ ನುಣ್ಣಗೆ ಅಂತಾರೆ. ನಮಗೆ ಹತ್ತಿರದ ಬೆಟ್ಟವೂ ನುಣ್ಣಗೇ. ಕಾರಣ ಇಷ್ಟೇ, ನಾವು ಹತ್ತೋದಿಲ್ಲ.

ನಾನು ಹುಟ್ಟಿ ಬೆಳೆದದ್ದು ಚಿಕ್ಕಬಳ್ಳಾಪುರದಲ್ಲಿ. ತಾರಸಿಗೆ ಹೋದರೆ ಒಂದು ಕಡೆ ನಂದಿ ಬೆಟ್ಟ, ಇನ್ನೊಂದು ಕಡೆ ಸ್ಕಂದಗಿರಿ. ಬೆಂಗಳೂರಿನ ಹುಡುಗರು ನಿದ್ದೆಗೆಟ್ಟು ಬಂದು, ಟಾರ್ಚ್ ಹಿಡಿದು ಏದುಸಿರು ಬಿಡುತ್ತಾ ಹತ್ತುವ ಸ್ಕಂದಗಿರಿ ನಮಗೆ ಬರೀ ಕಳವಾರ ಬೆಟ್ಟ. ಬಟ್ಟೆ ಒಣಗಿದೆಯಾ ಅಂತ ನೋಡಲು ಹೋದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ. ನಂದಿ ಬೆಟ್ಟಕ್ಕೆ ನಾನು ಕೊನೆಯ ಸಲ ಹೋಗಿದ್ದು ಏಳನೇ ಕ್ಲಾಸಿನಲ್ಲಿ, ಸ್ಕೂಲಿನ ಪ್ರವಾಸಕ್ಕೆ. ಆ ಪ್ರವಾಸದಲ್ಲಿ ನೆನಪಿರುವುದು ಪುಳಿಯೋಗರೆ ಒಂದೇ.

ಕಳೆದ ಜನವರಿ ಕೊನೆಯಲ್ಲಿ ಅಕ್ಕ ಫೋನ್ ಮಾಡಿ, "ಬೆಂಗಳೂರಿಗೆ ಮದುವೆಗೆ ಬರ್ತಿದೀವಿ ಕಣೋ, ಹಂಗೇ ನಿಮ್ಮನೆಗೂ ಬರ್ತೀವಿ. ನಿಮ್ ಭಾವ ನಂದಿ ಬೆಟ್ಟ ನೋಡಬೇಕಂತೆ" ಅಂದಾಗ ನನಗೆ ಖುಷಿಯ ಜೊತೆ ಸಣ್ಣ ನಡುಕವೂ ಆಯಿತು. ಭಾವನವರದು ತೀರ್ಥಹಳ್ಳಿ ಕಡೆ. ಮನೆ ಮುಂದೆ ಹಳ್ಳ, ಹಿಂದೆ ಗುಡ್ಡ, ಮಧ್ಯೆ ಅಡಿಕೆ ತೋಟ. ಮಳೆಗಾಲದಲ್ಲಿ ಕಾಲಿಗೆ ಉಂಬಳ ಹತ್ತಿದರೆ ಮಾತು ನಿಲ್ಲಿಸದೆ ಕಿತ್ತು ಎಸೆಯುವ ಜನ. ಅಂಥವರಿಗೆ ನಮ್ಮ ಬಯಲುಸೀಮೆಯ ಬೆಟ್ಟ ತೋರಿಸುವುದು, ಮಿಠಾಯಿ ಅಂಗಡಿಯವನಿಗೆ ಬೆಲ್ಲದ ಚೂರು ಕೊಟ್ಟ ಹಾಗೆ.

ರಾತ್ರಿ ಊಟಕ್ಕೆ ಮುದ್ದೆ, ಹಿತಕಿದ ಬೇಳೆ ಸಾರು. ಭಾವ ಮುದ್ದೆಯನ್ನು ಅಗಿಯುತ್ತಿದ್ದರು. ನಮ್ಮ ಕಡೆ ಇದು ನೋಡಬಾರದ ದೃಶ್ಯ. ಆದರೂ ಅತಿಥಿ ಅಂತ ಸುಮ್ಮನಿದ್ದೆ. ಅವರು ಸುಮ್ಮನಿರಲಿಲ್ಲ.

"ಎಂತ ಮಾರಾಯ, ಸಂಜೆ ಬಸ್ಸಿಂದ ನೋಡಿದೆ. ಅದೇನಾ ನಂದಿ ಬೆಟ್ಟ? ನಮ್ಮ ಕಡೆ ಅಂಥದ್ದಕ್ಕೆ ದಿಬ್ಬ ಅಂತೀವಿ."

ನಾನು ಇದಕ್ಕೇ ಕಾಯುತ್ತಿದ್ದೆ. ಹಿಂದಿನ ರಾತ್ರಿ ಕೂತು ಓದಿಕೊಂಡಿದ್ದೆ. "ಭಾವ, ನಂದಿ ಬೆಟ್ಟ 1478 ಮೀಟರ್. ನಿಮ್ಮ ಕೊಡಚಾದ್ರಿ ಎಷ್ಟು ಗೊತ್ತಾ? 1343. ಆಗುಂಬೆಯ ಮಾತು ಬೇಡವೇ ಬೇಡ, ಅದು ಏಳುನೂರನ್ನೂ ಮುಟ್ಟಲ್ಲ."

ಊಟದ ಮನೆಯಲ್ಲಿ ಒಂದು ಕ್ಷಣ ಮೌನ. ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ಬಹುಮಾನ ಇರಬೇಕು. ಭಾವ ನಿಧಾನಕ್ಕೆ ಅಗಿದು ಮುಗಿಸಿ ಕೇಳಿದರು, "ಈ ನಿಮ್ಮ ಊರು ಎಷ್ಟು ಎತ್ತರದಲ್ಲಿದೆ?"

"ಸುಮಾರು 900 ಮೀಟರ್."

"ಹಂಗೆ ಹೇಳು. ಸ್ಟೂಲಿನ ಮೇಲೆ ನಿಂತು ಎತ್ತರ ಅಳೆಸಿಕೊಂಡಂಗಾಯ್ತು."

ನಾನು ಸಾರು ಕುಡಿದು ಕೈ ತೊಳೆದೆ.

ಬೆಳಿಗ್ಗೆ ನಾಲ್ಕಕ್ಕೆ ಹೊರಡುವುದು ಅಂತ ಮಾತಾಗಿತ್ತು. ಭಾವ ಮೂರೂವರೆಗೇ ಸ್ನಾನ ಮುಗಿಸಿ, ಮಫ್ಲರ್ ಸುತ್ತಿ, ಸೊಂಟಕ್ಕೆ ಎಲೆ ಅಡಿಕೆ ಸಂಚಿ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾವು ಹೊರಟಾಗ ಐದೂಕಾಲು. ಅದಕ್ಕೆ ಕಾರಣ ಕಾರಿನ ಕೀ. ಅದು ಸಿಕ್ಕಿದ್ದು ನಿನ್ನೆ ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ. ಪ್ಯಾಂಟು ಇದ್ದದ್ದು ವಾಷಿಂಗ್ ಮೆಷಿನ್ನಿನಲ್ಲಿ. ಪುಣ್ಯಕ್ಕೆ ನೀರು ಬಿಟ್ಟಿರಲಿಲ್ಲ.

ಭಾನುವಾರ ನಂದಿ ಬೆಟ್ಟದ ದಾರಿ ಹಿಡಿಯುವವರಲ್ಲಿ ಎರಡು ಜಾತಿ. ಬುದ್ಧಿವಂತರು ಮತ್ತು ಸ್ಥಳೀಯರು. ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್ ಬಂದವರೆಲ್ಲ ಆಗಲೇ ಮುಂದಿದ್ದರು. ಮುಕ್ಕಾಲು ಗಂಟೆ ದಾರಿಯೊಳಗಿನ ನಾವು ಸಾಲಿನ ಬಾಲದಲ್ಲಿ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಈ ಕೋಟೆಯನ್ನು ಹಿಡಿಯಲು ವಾರಗಟ್ಟಲೆ ಒದ್ದಾಡಿತು ಅಂತ ಓದಿದ್ದೆ. ಆ ದಿನ ಭಾನುವಾರ ಬಿದ್ದಿರಬೇಕು.

ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂಮುಕ್ಕಾಲಿನ ಹೊತ್ತಿಗೆ. ಸರಿಯಾಗಿ ಆ ಹೊತ್ತಿಗೆ ನಮ್ಮ ಮುಂದೆ ಇದ್ದದ್ದು ಒಂದು ಟೆಂಪೋ ಟ್ರಾವೆಲರ್. ಅದರ ಹಿಂದುಗಡೆ "ತಾಯಿಯ ಆಶೀರ್ವಾದ" ಅಂತ ಬರೆದಿತ್ತು. ಎಡಗಡೆಯಿಂದ ಕೆಂಪಗೆ ಏನೋ ಹೊಳೆಯಿತು.

"ಅದು ಸೂರ್ಯನಾ, ಬ್ರೇಕ್ ಲೈಟಾ?" ಭಾವ ಕೇಳಿದರು.

ಬ್ರೇಕ್ ಲೈಟು. ಸೂರ್ಯ ಆಗಲೇ ತಾಯಿಯ ಆಶೀರ್ವಾದದ ಹಿಂದೆ ಹುಟ್ಟಿ, ಟೆಂಪೋದ ನೆತ್ತಿ ದಾಟುತ್ತಿದ್ದ. ಅಕ್ಕನ ಮಗಳು ಅದರದ್ದೇ ಫೋಟೋ ತೆಗೆದಳು.

ಗಾಡಿ ನಿಲ್ಲಿಸಿ ಮೇಲೆ ನಡೆದಾಗ ಎಂಟು ದಾಟಿತ್ತು. ಚಳಿಗಾಲದ ತಿಳಿ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ, ತಂಪು ಗಾಳಿ ಭಾರ, ಅದು ಇಳಿದು ಕಣಿವೆಯಲ್ಲಿ ಕೂರುತ್ತದೆ, ಅಲ್ಲೇ ಮಂಜು ಕಟ್ಟುತ್ತದೆ, ಮೇಲಿಂದ ನೋಡಿದರೆ ಹಾಲಿನ ಸಮುದ್ರ. ಇದನ್ನೆಲ್ಲ ಕೈ ತೋರಿಸಿ ವಿವರಿಸಬೇಕೆಂದು ತಯಾರಾಗಿದ್ದೆ. ಆದರೆ ಆ ದಿನ ಮೋಡ ಕಣಿವೆಯಲ್ಲಿ ಕೂರದೆ ನೆಟ್ಟಗೆ ಬೆಟ್ಟದ ತಲೆಯ ಮೇಲೇ ಕೂತಿತ್ತು. ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಅತ್ತಕಡೆ ಸ್ಕಂದಗಿರಿ, ಇತ್ತಕಡೆ ಬ್ರಹ್ಮಗಿರಿ, ಅದು ಚನ್ನಗಿರಿ ಅಂತ ನಾನು ಬಿಳಿ ಗೋಡೆಯ ಕಡೆ ಬೆರಳು ತೋರಿಸುತ್ತಾ ಹೋದೆ.

"ಮಂಜು ನೋಡೋಕೆ ಇಷ್ಟು ದೂರ ಬರ್ತಾರಾ?" ಭಾವನಿಗೆ ನಿಜವಾಗಿಯೂ ಆಶ್ಚರ್ಯ. "ನಮ್ಮಲ್ಲಿ ಅದು ಅಡುಗೆಮನೆಗೇ ಬರ್ತದೆ."

ನಾನು ಇತಿಹಾಸಕ್ಕೆ ಕೈ ಹಾಕಿದೆ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಇಲ್ಲಿ ಬಂದು ಉಳಿದಿದ್ದರು, 1986ರಲ್ಲಿ ಸಾರ್ಕ್ ಸಮ್ಮೇಳನಕ್ಕೆ ಬಂದ ದೇಶಗಳ ನಾಯಕರನ್ನೂ ಇಲ್ಲಿಗೆ ಕರೆತಂದಿದ್ದರು ಅಂದೆ. "ಅವರಿಗಾದರೂ ಏನಾದ್ರೂ ಕಂಡಿತ್ತಾ?" ಅಂದರು.

ಅಮೃತ ಸರೋವರದ ಮೆಟ್ಟಿಲ ಹತ್ತಿರ ಸ್ವಲ್ಪ ಬೆಳಕಾಯಿತು. ಹಸಿರು ನೀರು, ಸುತ್ತ ಕಲ್ಲಿನ ಮೆಟ್ಟಿಲು. ನೀರು ಕಂಡ ಮೇಲೆ ಭಾವನ ಮುಖ ಕೊಂಚ ಸಡಿಲವಾಯಿತು. "ಇಲ್ಲಿ ಹೊಳೆ ಯಾವುದು?" ಅಂದರು. ಇದು ನನಗೆ ಗೊತ್ತಿದ್ದ ಪ್ರಶ್ನೆ. ಈ ಬೆಟ್ಟಗಳ ಸಾಲಿನಲ್ಲೇ ಉತ್ತರ ಪಿನಾಕಿನಿ ಹುಟ್ಟುತ್ತಾಳೆ, ದಕ್ಷಿಣ ಪಿನಾಕಿನಿ ಹುಟ್ಟುತ್ತಾಳೆ, ಅರ್ಕಾವತಿ ಹುಟ್ಟುತ್ತಾಳೆ ಅಂದೆ.

"ಅಷ್ಟೊಂದು ಹೊಳೆಯಾ! ಎಲ್ಲಿ?"

"ಹುಟ್ಟೋದು ಇಲ್ಲಿ ಭಾವ. ಆಮೇಲೆ ಒಬ್ಬಳು ಆಂಧ್ರಕ್ಕೆ, ಒಬ್ಬಳು ತಮಿಳುನಾಡಿಗೆ. ಅರ್ಕಾವತಿ ಬೆಂಗಳೂರು ಕಡೆ."

"ನಿಮ್ಮೂರ ಹುಡುಗರ ಹಾಗೇ ಅಲ್ವಾ?"

ಇಷ್ಟು ನದಿ ಹೆತ್ತ ಊರಿನಲ್ಲಿ ನಾವು ಬೇಸಿಗೆ ಬಂದರೆ ಟ್ಯಾಂಕರಿಗೆ ಫೋನ್ ಮಾಡುತ್ತೇವೆ ಅನ್ನುವುದನ್ನು ನಾನು ಹೇಳಲಿಲ್ಲ. ಮನೆಯ ಮಾತು ಮನೆಯಲ್ಲೇ ಇರಲಿ.

ಟಿಪ್ಪು ಡ್ರಾಪ್ ಕಡೆ ಹೋಗುವಾಗ ಹೆಂಡತಿ ಎಚ್ಚರಿಸಿದಳು, "ಕೋತಿ ಜಾಸ್ತಿ, ಕೈಲಿ ಏನೂ ಹಿಡ್ಕೋಬೇಡಿ." ಭಾವ ನಕ್ಕರು. ಮಲೆನಾಡಿನ ತೋಟದವರಿಗೆ ಮಂಗನ ಕಾಟ ಹೊಸದಲ್ಲ. ಬಾಳೆ, ಏಲಕ್ಕಿ, ಎಳೆ ಅಡಿಕೆ ಯಾವುದನ್ನೂ ಬಿಡುವುದಿಲ್ಲ ಅವು. "ಮೂವತ್ತು ವರ್ಷದಿಂದ ಮಂಗ ಓಡಿಸ್ತಿದೀನಿ. ಒಂದು ಕೂಗು ಹಾಕಿದ್ರೆ ಹೊಳೆ ದಾಟ್ತವೆ" ಅಂದರು. ಕಟ್ಟೆಯ ಮೇಲೆ ಕೂತು, ಆರಾಮವಾಗಿ ಸಂಚಿ ಬಿಚ್ಚಿದರು. ಹಳೆಯ ಬಟ್ಟೆಯ ಸಂಚಿ, ನಾಲ್ಕು ಮಡಿಕೆ, ಅಂಚಿಗೆ ಕೆಂಪು ದಾರ. ಒಂದರಲ್ಲಿ ವೀಳ್ಯದೆಲೆ, ಒಂದರಲ್ಲಿ ಸುಣ್ಣದ ಡಬ್ಬಿ, ಒಳಗಿನದರಲ್ಲಿ ಸ್ವಂತ ತೋಟದ ಬೆಟ್ಟೆ ಅಡಿಕೆ. ಎಲೆಯ ತೊಟ್ಟು ಮುರಿದು, ಬೆನ್ನನ್ನು ಪಂಚೆಗೆ ಒರೆಸಿ, ಇನ್ನೇನು ಸುಣ್ಣ ಹಚ್ಚಬೇಕು.

ಅದು ಎಲ್ಲಿಂದ ಬಂತೋ ನಾನು ನೋಡಲಿಲ್ಲ. ಕೈ ಮಾತ್ರ ನೋಡಿದೆ. ಸಣ್ಣ, ಕಪ್ಪು, ಸುಕ್ಕು ಬಿದ್ದ ಕೈ, ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ತಗೊಳ್ಳುವ ಹಾಗೆ ಸಂಚಿಯನ್ನು ತಗೊಂಡಿತು. ಜಗಳ ಇಲ್ಲ, ಕಿತ್ತಾಟ ಇಲ್ಲ.

"ಹೋಯ್! ಹೋ ಹೋ ಹೋಯ್!" ಭಾವ ಎದ್ದು ನಿಂತು ತೋಟದ ಕೂಗು ಹಾಕಿದರು. ಮೂರು ಜೋಡಿ ಪ್ರೇಮಿಗಳು ಓಡಿದರು. ಕೋತಿ ಅಲ್ಲಾಡಲಿಲ್ಲ. ಕಂಬಿಯ ಆಚೆ ಬಂಡೆಯ ಮೇಲೆ ಕೂತು ಮಡಿಕೆ ಮಡಿಕೆಯಾಗಿ ಬಿಚ್ಚಿತು. ವೀಳ್ಯದೆಲೆ ಮೂಸಿ ಎಸೆಯಿತು. ಬೆಟ್ಟೆ ಒಂದನ್ನು ಹಲ್ಲಿಗೆ ಕೊಟ್ಟು, ಮುಖ ಓರೆ ಮಾಡಿ, ಥೂ ಅಂತ ಉಗಿಯಿತು. "ಅಯ್ಯೋ, ಉಗೀತಲ್ಲೋ!" ಅಂದರು ಭಾವ. ಸಂಚಿ ಹೋದದ್ದಕ್ಕಿಂತ ಅದೇ ಜಾಸ್ತಿ ನೋವಾದ ಹಾಗಿತ್ತು. ಕೊನೆಗೆ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದು ನೆಕ್ಕಿತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಣ್ಣು ಅಗಲವಾಯಿತು, ಭಾವನನ್ನೇ ದಿಟ್ಟಿಸಿ ನೋಡಿತು, ಡಬ್ಬಿ, ಸಂಚಿ, ಉಳಿದ ಬೆಟ್ಟೆ ಎಲ್ಲವನ್ನೂ ಒಟ್ಟಿಗೆ ಟಿಪ್ಪು ಡ್ರಾಪಿನಿಂದ ಕೆಳಕ್ಕೆ ಒಗೆಯಿತು. ಅಪರಾಧಿಗಳನ್ನು ತಳ್ಳುತ್ತಿದ್ದರು ಅಂತ ಜನ ಹೇಳುವ ಜಾಗ ಅದು. ಬೆಟ್ಟೆ ಏನು ಅಪರಾಧ ಮಾಡಿತ್ತೋ.

ಪಕ್ಕದಲ್ಲಿದ್ದ ಹುಡುಗನೊಬ್ಬ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರೋಲ್ಲ ಅನ್ನುತ್ತಾರಲ್ಲ, ಆ ಗಾದೆ ಮಾಡಿದವನ ಕಣ್ಣೆದುರಿಗೆ ಇಂಥದ್ದೇ ಏನೋ ನಡೆದಿರಬೇಕು.

ಅಲ್ಲಿಂದ ಮುಂದೆ ಪ್ರವಾಸದ ದಿಕ್ಕೇ ಬದಲಾಯಿತು. ನೋಡುವ ಜಾಗದ ಪಟ್ಟಿ ಹೋಗಿ ಅಡಿಕೆ ಸಿಗುವ ಜಾಗದ ಪಟ್ಟಿ ಬಂತು. ಬೆಟ್ಟ ಇಳಿಯುತ್ತಾ ದ್ರಾಕ್ಷಿ ಚಪ್ಪರ, ಗುಲಾಬಿ ತೋಟ ಬಂದವು. ಭಾವ ಆಕಳಿಸಿದರು. ಪೆಟ್ಟಿಗೆ ಅಂಗಡಿಯಲ್ಲಿ ವಿಚಾರಿಸಿದರೆ ಬಣ್ಣದ ಪ್ಯಾಕೆಟ್ ತೋರಿಸಿದ. "ಇದು ಅಡಿಕೆಯಾ? ಇದಕ್ಕಿಂತ ಮಂಗನೇ ಮೇಲು" ಅಂತ ವಾಪಸ್ ಬಂದರು. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಮನೆ ನೋಡಿದೆವು. 1860ರಲ್ಲಿ ಹುಟ್ಟಿ ನೂರು ದಾಟಿ ಬದುಕಿದವರು ಅಂದಾಗ, "ಅವರು ಎಲೆ ಅಡಿಕೆ ಹಾಕ್ತಿದ್ರಾ?" ಅಂತ ಕೇಳಿದರು. 112 ಅಡಿಯ ಆದಿಯೋಗಿ ಪ್ರತಿಮೆ ನೋಡೋಣವಾ ಅಂದರೆ, ಅಲ್ಲಿ ಅಂಗಡಿ ಇದೆಯಾ ಅಂದರು. ಕಾರು ತಿರುಗಿಸಲಿಲ್ಲ.

ಕೊನೆಗೆ ನಂದಿ ಊರಿನ ಭೋಗನಂದೀಶ್ವರ. ಇಲ್ಲಿ ಮಾತ್ರ ಭಾವ ಆಕಳಿಕೆ ಮರೆತರು. 806ರ ಸುಮಾರಿನ ಶಾಸನದಲ್ಲೇ ಉಲ್ಲೇಖ ಇರುವ ಗುಡಿ ಇದು. ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು, ಬಂದವರೆಲ್ಲ ಒಂದಿಷ್ಟು ಕಟ್ಟಿ ಹೋಗಿದ್ದಾರೆ. ಶಿವ ಇಲ್ಲಿ ಅರುಣಾಚಲೇಶ್ವರನಾಗಿ ಬಾಲಕ, ಭೋಗನಂದೀಶ್ವರನಾಗಿ ಯುವಕ. ಬೆಟ್ಟದ ಮೇಲೆ ಯೋಗನಂದೀಶ್ವರನಾಗಿ ಎಲ್ಲ ಬಿಟ್ಟವನು. "ಬೆಟ್ಟ ಹತ್ತಿದ ಮೇಲೆ ಎಲ್ಲ ಬಿಡಬೇಕು ಅಂತ ನನಗೂ ಗೊತ್ತಾಯ್ತು" ಅಂದರು ಭಾವ. ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬದ ಮುಂದೆ ಬಹಳ ಹೊತ್ತು ನಿಂತರು. ಬಳ್ಳಿ, ಹೂವು, ಗಿಳಿ. ಬಳ್ಳಿಯೊಂದರ ಸುರುಳಿಯ ಮೇಲೆ ಬೆರಳಾಡಿಸಿ, "ಇದು ನಮ್ಮ ಕಡೆ ಇಲ್ಲ ಮಾರಾಯ" ಅಂದರು. ತಣ್ಣಗೆ, ಯಾರಿಗೂ ಕೇಳಿಸದ ಹಾಗೆ. ನನಗೆ ಕೇಳಿಸಿತು. ಅಕ್ಕನನ್ನು ಕರೆದು ಇನ್ನೊಂದು ಸಲ ಹೇಳಿಸೋಣ ಅಂದುಕೊಂಡೆ, ಹೇಳಲಿಲ್ಲ.

ಹೊರಗೆ ಹೂವು ಮಾರುವ ಅಜ್ಜಿಯೊಂದು ಗೋಡೆಗೆ ಒರಗಿ ಕೂತಿತ್ತು. ಭಾವ ಥಟ್ಟನೆ ನಿಂತರು. ಅಜ್ಜಿಯ ದವಡೆ ಆಡುತ್ತಿತ್ತು. ತುಟಿ ಕೆಂಪಗಿತ್ತು.

"ಅಜ್ಜೀ, ಒಂದು ಅಡಿಕೆ ಕೊಡ್ತೀರಾ?"

ಅಜ್ಜಿ ಮೇಲಿಂದ ಕೆಳಗೆ ನೋಡಿ, ಸೊಂಟದ ಗಂಟು ಬಿಚ್ಚಿ, ಎರಡು ಹೋಳು ಅಡಿಕೆ, ಬಾಡಿದ ಎಲೆ, ಉಗುರಿನ ತುದಿಯಷ್ಟು ಸುಣ್ಣ ಕೊಟ್ಟಿತು. ಭಾವ ಹೋಳನ್ನು ಬೆಳಕಿಗೆ ಹಿಡಿದು ನೋಡಿದರು. ಸರಕು, ಬೆಟ್ಟೆ, ರಾಶಿ ಯಾವುದೂ ಅಲ್ಲ. "ಗೊರಬಲು" ಅಂತ ನನ್ನ ಕಿವಿಯಲ್ಲಿ ಹೇಳಿದರು. ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಕೊನೆಯ ದರ್ಜೆಯಂತೆ. ಎರಡೂ ಹೋಳನ್ನು ಒಟ್ಟಿಗೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಯಾವೂರು ಸ್ವಾಮಿ?" ಅಜ್ಜಿ ಕೇಳಿತು.

ಭಾವನ ಬಾಯಿ ತುಂಬಿತ್ತು. ಎದುರಿಗೆ ಗುಡಿ, ಉಗುಳುವಂತಿಲ್ಲ. ನಾನೇ ಹೇಳಿದೆ, "ತೀರ್ಥಹಳ್ಳಿ ಕಡೆಯವರು."

"ನಿಮ್ ಕಡೆ ಬೆಟ್ಟ ಗಿಟ್ಟ ಐತಾ ಸ್ವಾಮಿ?"

ಭಾವನ ಕಣ್ಣು ತೆರೆಯಿತು. ಕೊಡಚಾದ್ರಿ, ಕುಂದಾದ್ರಿ, ಆಗುಂಬೆ ಎಲ್ಲ ಗಂಟಲವರೆಗೆ ಬಂದವು. "ಊಂ ಊಂ" ಅಂತ ತಲೆ ಆ ಕಡೆ ಈ ಕಡೆ ಆಡಿಸುತ್ತಾ ಉಗುಳಲು ಜಾಗ ಹುಡುಕಿದರು. ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

"ಇಲ್ವಾ? ಪಾಪ" ಅಂದಿತು ಅಜ್ಜಿ. "ಅದಕ್ಕೇ ಅಷ್ಟು ದೂರದಿಂದ ಬಂದಿದೀರ. ಚೆನ್ನಾಗಿ ನೋಡ್ಕೊಂಡು ಹೋಗಿ."

ಭಾವ ರಸ್ತೆ ದಾಟಿ ಚರಂಡಿ ಹತ್ತಿರ ಉಗುಳಿ ಓಡೋಡಿ ಬರುವಷ್ಟರಲ್ಲಿ ಅಜ್ಜಿ ಬೇರೆ ಯಾರಿಗೋ ಎರಡು ಮೊಳ ಸೇವಂತಿಗೆ ಅಳೆಯುತ್ತಿತ್ತು.