ವೈಶಾಖದ ಮದುವೆಗೆ ಎಂಥ ಸೀರೆ?

ಜವಳಿ ತೆಗೆಯುವಾಗ ನಾವು ಬಣ್ಣ, ಅಂಚು, ಬೆಲೆ ಎಲ್ಲ ಗಂಟೆಗಟ್ಟಲೆ ಮಾತಾಡುತ್ತೇವೆ. ಮುಹೂರ್ತ ಯಾವ ತಿಂಗಳಲ್ಲಿ, ಛತ್ರ ಯಾವ ಊರಲ್ಲಿ ಅನ್ನುವುದನ್ನು ಮಾತ್ರ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನನಗೆ ಇದು ನಿಜಕ್ಕೂ ಸಂಕಟದ ವಿಷಯ. ಮೇ ತಿಂಗಳ ನಡುಮಧ್ಯಾಹ್ನ, ಮುಂದೆ ಹೋಮದ ಬೆಂಕಿ, ಮುಖಕ್ಕೆ ವಿಡಿಯೋದವರ ದೀಪ, ಮೈಮೇಲೆ ಕಿಲೋ ತೂಗುವ ಜರಿ ಸೀರೆ. ಧಾರೆಯ ಹೊತ್ತಿಗೆ ಮದುಮಗಳು ಬಾಡಿಹೋಗಿರುತ್ತಾಳೆ.

ರೇಷ್ಮೆ ಬೇಡ ಅನ್ನುತ್ತಿಲ್ಲ. ರೇಷ್ಮೆ ನೂಲೂ ಹತ್ತಿಯಂತೆಯೇ ಚೆನ್ನಾಗಿ ತೇವ ಹೀರುತ್ತದೆ. ತೊಂದರೆ ಇರುವುದು ಒತ್ತು ನೇಯ್ಗೆಯಲ್ಲಿ, ಒಡಲ ತುಂಬ ತುಂಬಿದ ಜರಿಯಲ್ಲಿ. ಬೇಸಿಗೆಗೆ ನನ್ನ ಮೊದಲ ಆಯ್ಕೆ ಮೈಸೂರು ಸಿಲ್ಕ್. ಹುರಿ ಮಾಡಿದ ನೂಲಿನ ಕ್ರೇಪ್, ಒಡಲು ಖಾಲಿ, ಜರಿ ಅಂಚು ಸೆರಗಿಗಷ್ಟೇ. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಅಂದಿನಿಂದ ಎಷ್ಟೋ ಮನೆಗಳಲ್ಲಿ ಈ ಸಾದಾ ಒಡಲಿನ ಸೀರೆಯೇ ದೊಡ್ಡ ಸೀರೆ. ಮದುವೆಗೆ ಸಾಲದು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಊರಿಂದೂರಿಗೂ ವ್ಯತ್ಯಾಸವಿದೆ. ಮಂಗಳೂರು, ಉಡುಪಿ ಕಡೆ ಬಿಸಿಲಿಗಿಂತ ಸೆಕೆಯ ಕಾಟ ಹೆಚ್ಚು. ಬೆವರು ಆರುವುದೇ ಇಲ್ಲ. ಅಲ್ಲಿ ಸೀರೆ ಹಗುರವಾದಷ್ಟೂ ಒಳ್ಳೆಯದು. ಕಲಬುರಗಿ, ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣ, ಹತ್ತಿ ಹೀರಿದ ಬೆವರು ಬೇಗ ಆರುತ್ತದೆ. ಇಳಕಲ್ ಸೀರೆಯ ಜಾಣತನ ಕಾಣುವುದೇ ಇಲ್ಲಿ: ಮೈಗೆ ತಾಗುವ ಒಡಲು ಹತ್ತಿ, ನಾಲ್ಕು ಜನರ ಕಣ್ಣಿಗೆ ಬೀಳುವ ಸೆರಗು ರೇಷ್ಮೆ, ಎರಡರ ಹಾಸೆಳೆಗಳನ್ನೂ (ಮಗ್ಗದ ಮೇಲೆ ಉದ್ದಕ್ಕೆ ಹಾಸುವ ಎಳೆಗಳು) ಕೊಂಡಿ ಹಾಕಿ ಜೋಡಿಸಿರುತ್ತಾರೆ. "ಮದುವೆಗೆ ಹತ್ತಿಯೇನ್ರೀ?" ಅನ್ನುವ ಅತ್ತೆಯಂದಿರಿಗೆ ಆ ಕೆಂಪು ತೆನೆ ಸೆರಗು ತೋರಿಸಿ. ಅದಕ್ಕಿಂತ ಮಂಗಳಕರವಾದದ್ದು ಬೇಕೆ?

ಭಾರಿ ಕಾಂಚೀಪುರದ ಆಸೆಯಿದ್ದರೆ ಮಾಘದಲ್ಲಿ ಮುಹೂರ್ತ ನೋಡಿಸಿ, ಇಲ್ಲವೇ ಸಂಜೆಯ ಆರತಕ್ಷತೆಗೆ ಇಟ್ಟುಕೊಳ್ಳಿ. ಗಂಡಿಗೂ ಅಷ್ಟೇ: ಬೇಸಿಗೆಯಲ್ಲಿ ವೆಲ್ವೆಟ್ ಶೇರ್ವಾನಿ ಹಿಂಸೆ, ಪಂಚೆ, ಶಲ್ಯವೇ ಸುಖ.

ಎಲ್ಲಕ್ಕಿಂತ ಮುಖ್ಯವಾದ್ದನ್ನು ಯಾರೂ ಕೇಳುವುದಿಲ್ಲ, ಅದು ರವಿಕೆಯ ಲೈನಿಂಗ್. ಸೀರೆಗೆ ಮೂವತ್ತು ಸಾವಿರ ಕೊಟ್ಟು, ಒಳಗೆ ಬೆವರನ್ನೇ ಹೀರದ ಪಾಲಿಯೆಸ್ಟರ್ ಹಾಕಿಸಿದರೆ ಏನು ಬಂತು? ಈಚೆಗೆ ಲಂಗದ ಬದಲು ಹಾಕುವ ಬಿಗಿ ಶೇಪ್‌ವೇರ್ ಕೂಡ ಹಾಗೆಯೇ. ಹೊಲಿಯಲು ಕೊಡುವಾಗ ತೆಳು ಹತ್ತಿ ಲೈನಿಂಗೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಆ ಬಟ್ಟೆಯನ್ನು ಮೊದಲು ನೀರಿಗೆ ಹಾಕಿ ಒಣಗಿಸಿಯೇ ಹೊಲಿಯಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ರವಿಕೆ ಎಳೆಯುತ್ತದೆ.