ಹಿಮೋಗ್ಲೋಬಿನ್ ಸರಿಯಿದ್ದರೆ ಸಾಕೇ?

ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂ ದಾಟಿದ್ದರೆ ಮಹಿಳೆಯರ ಆಯಾಸಕ್ಕೆ ರಕ್ತದಲ್ಲಿ ಕಾರಣ ಹುಡುಕಬೇಕಾಗಿಲ್ಲ ಎಂದು ಕನ್ನಡ ಲೇಖನವೊಂದರಲ್ಲಿ ಓದಿದ ಮಾತನ್ನು ನಾನು ಒಪ್ಪಲಾರೆ. ಕಬ್ಬಿಣದ ಕೊರತೆಯಾದಾಗ ದೇಹವು ಮೊದಲು ತನ್ನ ದಾಸ್ತಾನನ್ನು ಕರಗಿಸುತ್ತದೆ; ಅದು ಬಹುತೇಕ ಬರಿದಾದ ಮೇಲಷ್ಟೇ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಆ ದಾಸ್ತಾನನ್ನು ಸೂಚಿಸುವ ಫೆರಿಟಿನ್, ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಸೇರಿರುವುದಿಲ್ಲ.

ಬದಿಯಡ್ಕದ ಬಳಿಯ ನಮ್ಮ ಮನೆಯಲ್ಲಿ ಅತ್ತಿಗೆಯವರು, ಹಿಮೋಗ್ಲೋಬಿನ್ 12.4 ಇದ್ದರೂ, ಅಡಿಕೆ ತೋಟದಿಂದ ಅಂಗಳಕ್ಕೆ ಏರಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಅವರ ಫೆರಿಟಿನ್ ಕೇವಲ 9 ಎಂದು ತಿಳಿದದ್ದು ಎಷ್ಟೋ ತಿಂಗಳ ಬಳಿಕ. ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ವಿಶ್ವ ಆರೋಗ್ಯ ಸಂಸ್ಥೆ ಕಬ್ಬಿಣದ ಕೊರತೆಯೆಂದೇ ಪರಿಗಣಿಸುತ್ತದೆ. ಸೋಂಕು ಅಥವಾ ಉರಿಯೂತವಿದ್ದಾಗ ಇದೇ ಅಂಕಿ ಏರಿ ಕೊರತೆಯನ್ನು ಮರೆಮಾಡಬಹುದಾದ್ದರಿಂದ, ಜ್ವರದ ದಿನಗಳಲ್ಲಿ ಮಾಡಿಸಿದ ಪರೀಕ್ಷೆಯನ್ನು ಎಚ್ಚರದಿಂದಲೇ ಓದಬೇಕು.

ಇನ್ನೊಂದು ಮಾತನ್ನೂ ಸೇರಿಸಬೇಕೆನಿಸುತ್ತದೆ. ನಮ್ಮ ಕಾಸರಗೋಡಿನಲ್ಲಿ ವರದಿ ಇಂಗ್ಲಿಷಿನಲ್ಲಿರುತ್ತದೆ, ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ ಸಿಗುತ್ತದೆ. ಕನ್ನಡ, ತುಳು ಮಾತ್ರ ಬಲ್ಲ ಹಿರಿಯರು ಮಿತಿಯಿಂದ ಹೊರಗಿರುವುದನ್ನು ಸೂಚಿಸುವ ದಪ್ಪಕ್ಷರದ ಅಂಕಿ ಇದೆಯೇ ಎಂದಷ್ಟೇ ನೋಡಿ ಕಾಗದವನ್ನು ಮಡಚಿಡುತ್ತಾರೆ. ಅಂಥವರ ಕೈಗೆ ತಲಪುವ ಕನ್ನಡ ಲೇಖನವು, ಅಂಕಿ ಸರಿಯಿದ್ದರೂ ಆಯಾಸ ಉಳಿದಿದ್ದರೆ ಅದನ್ನು ವೈದ್ಯರಲ್ಲಿ ಮತ್ತೆ ಹೇಳಿಕೊಳ್ಳಿರೆಂದು ತಿಳಿಸಬೇಕಿತ್ತು.